ಶಿವಮೊಗ್ಗದಲ್ಲಿದ್ದ ಡಾಕ್ಟರು ಕಾಡಿಗೆ ಕಾನೂನು ತಂದ ಕಥೆ

ರಾತ್ರಿ ಹೊತ್ತು ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗಕ್ಕೆ ಬರುವಾಗ ಚೆಕ್‌ಪೋಸ್ಟ್ ಹತ್ತಿರ ನಾಟಾ ತುಂಬಿದ ಲಾರಿ ನಿಂತಿರೋದನ್ನ ನೀವೂ ನೋಡಿರ್ತೀರಿ. ಗಾರ್ಡು ಟಾರ್ಚ್ ಹಿಡಿದು ದಿಮ್ಮಿಯ ತುದಿಯಲ್ಲಿ ಸುತ್ತಿಗೆ ಗುರುತು ಹುಡುಕ್ತಾರೆ. ಡ್ರೈವರ್ ಕ್ಯಾಬಿನ್‌ನಿಂದ ಪಾಸು ತೆಗೆದು ಕೊಡ್ತಾನೆ. ಎಷ್ಟು ದಿಮ್ಮಿ, ಯಾವ ಜಾತಿ ಮರ, ಎಲ್ಲಿಂದ ಎಲ್ಲಿಗೆ, ಎಷ್ಟು ದಿನದೊಳಗೆ ತಲುಪಬೇಕು, ಎಲ್ಲಾ ಅದರಲ್ಲಿ ಬರೆದಿರುತ್ತೆ. ಲೆಕ್ಕ ಸರಿ ಇದ್ದರೆ ಲಾರಿ ಮುಂದಕ್ಕೆ. ಇಲ್ಲದಿದ್ದರೆ ಲಾರಿಯೂ ಅಲ್ಲೇ, ಮರವೂ ಅಲ್ಲೇ.

ನಮ್ಮ ಪೇಟೆಯಲ್ಲಿ ಬಾಗಿಲು, ಕಿಟಕಿ, ಮಂಚ ಮಾಡಿ ಮಾರುವವರಿಗೆ, ಸಾಮಿಲ್ ನಡೆಸುವವರಿಗೆ ಈ ಪಾಸಿನ ಕಷ್ಟ ಚೆನ್ನಾಗಿ ಗೊತ್ತು. ಹಿತ್ತಲಲ್ಲಿ ಅಜ್ಜ ನೆಟ್ಟ ಸಾಗುವಾನಿ ಕಡಿಸೋಕೆ ಅರ್ಜಿ ಹಿಡಿದು ಓಡಾಡಿದವರಿಗೂ ಗೊತ್ತು. ಮರ ನಮ್ಮದು, ಜಾಗ ನಮ್ಮದು, ಆದ್ರೂ ರಸ್ತೆಗೆ ಬಂದ ಕೂಡಲೇ ಸರ್ಕಾರದ ಕಾಗದ ಯಾಕೆ ಬೇಕು ಅಂತ ಬೈದುಕೊಳ್ಳದವರು ಕಡಿಮೆ.

ಇಷ್ಟಕ್ಕೂ ಮರಕ್ಕೆ ಲೈಸೆನ್ಸು, ಡಿಪೋ, ಕಾವಲು ಅನ್ನುವ ಈ ವ್ಯವಸ್ಥೆ ದಕ್ಷಿಣ ಭಾರತದಲ್ಲಿ ಗಟ್ಟಿಯಾಗಿ ನಿಂತಿದ್ದು ಯಾವಾಗ? ಅದರ ಹಿಂದೆ ಹೆಚ್ಚಾಗಿ ಕೇಳಿಬರುವ ಹೆಸರು ಹ್ಯೂ ಕ್ಲೆಗಾರ್ನ್. ಅರಣ್ಯಶಾಸ್ತ್ರ ಓದಿದವರಿಗೆ ಇದು ಪರಿಚಯದ ಹೆಸರೇ. ಆದರೆ ಆತ ಫಾರೆಸ್ಟ್ ಆಫೀಸರ್ ಆಗುವ ಮೊದಲು ನಮ್ಮದೇ ಶಿವಮೊಗ್ಗದಲ್ಲಿ ಡಾಕ್ಟರ್ ಆಗಿದ್ದ ಅನ್ನೋದು ಇಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲ. ಕಾಡು ಉಳಿಯಬೇಕು ಅನ್ನುವ ಯೋಚನೆ ಆತನ ತಲೆಗೆ ಹತ್ತಿದ್ದರಲ್ಲಿ ನಮ್ಮ ಮಲೆನಾಡಿನ ಪಾಲು ದೊಡ್ಡದು.

ಮದ್ರಾಸಿನಲ್ಲಿ ಹುಟ್ಟು, ಸ್ಕಾಟ್ಲೆಂಡಿನಲ್ಲಿ ಓದು

ಕ್ಲೆಗಾರ್ನ್ ಹುಟ್ಟಿದ್ದು 1820ರ ಆಗಸ್ಟ್ 9ರಂದು, ಮದ್ರಾಸಿನಲ್ಲಿ. ಅಪ್ಪ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ದೊಡ್ಡ ಅಧಿಕಾರಿ. ಆ ಕಾಲದ ಬಿಳಿಯರ ಮನೆಗಳಲ್ಲಿ ಮಕ್ಕಳನ್ನು ಇಲ್ಲಿನ ಬಿಸಿಲು, ಜ್ವರಕ್ಕೆ ಹೆದರಿ ಊರಿಗೆ ಕಳಿಸಿಬಿಡುತ್ತಿದ್ದರು. ಈ ಹುಡುಗನನ್ನೂ 4 ವರ್ಷಕ್ಕೇ ಹಡಗು ಹತ್ತಿಸಿದರು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಊರಿನ ಹತ್ತಿರ ಸ್ಟ್ರಾವಿಥಿ ಅನ್ನುವಲ್ಲಿ ಅಜ್ಜನ ಎಸ್ಟೇಟ್ ಇತ್ತು. ಬೆಳೆದದ್ದು ಅಲ್ಲಿ.

ಅಜ್ಜನೂ ಸಾಮಾನ್ಯದವನಲ್ಲ. ಅವನ ಹೆಸರೂ ಹ್ಯೂ ಕ್ಲೆಗಾರ್ನ್. ಕಾಲೇಜಿನಲ್ಲಿ ಇತಿಹಾಸದ ಪ್ರೊಫೆಸರ್ ಆಗಿದ್ದವನು. ಆಮೇಲೆ ಸಿಲೋನು ಡಚ್ಚರ ಕೈಯಿಂದ ಬ್ರಿಟಿಷರ ಕೈಗೆ ಬರುವಂತೆ ಒಳಗೊಳಗೇ ವ್ಯವಹಾರ ಕುದುರಿಸಿದವನು. ಕೊಲಂಬೊ ಕೋಟೆಯೊಳಗಿದ್ದ ಬಾಡಿಗೆ ಸೈನ್ಯದ ಮುಖ್ಯಸ್ಥನಿಗೆ ಚೀಸಿನ ಗಡ್ಡೆಯೊಳಗೆ ಕಾಗದ ಬಚ್ಚಿಟ್ಟು ಕಳಿಸಿದ ಅಂತ ಒಂದು ಕಥೆ ಇವತ್ತಿಗೂ ಹೇಳ್ತಾರೆ. ಆದರೆ ಮೊಮ್ಮಗನಿಗೆ ರಾಜಕೀಯ ಹಿಡಿಸಲಿಲ್ಲ. ಅಜ್ಜನ ಎಸ್ಟೇಟಿನ ಗಿಡ, ಮರ, ತೋಟ ಹಿಡಿಸಿತು.

ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿ 1841ರಲ್ಲಿ ಎಂ.ಡಿ. ಮುಗಿಸಿದ. ಆಗ ಔಷಧಿ ಅಂದ್ರೆ ಬಹುಪಾಲು ಬೇರು, ತೊಗಟೆ, ಎಲೆ. ಹಾಗಾಗಿ ಡಾಕ್ಟರ್ ಆಗುವವರು ಸಸ್ಯಶಾಸ್ತ್ರ ಕಲಿಯಲೇಬೇಕಿತ್ತು. ಮರುವರ್ಷ, ಅಂದರೆ 1842ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯಲ್ಲಿ ಅಸಿಸ್ಟೆಂಟ್ ಸರ್ಜನ್ ಕೆಲಸ ಸಿಕ್ಕಿ ಹುಟ್ಟಿದೂರು ಮದ್ರಾಸಿಗೇ ವಾಪಸ್ ಬಂದ.

ದಿನಕ್ಕೊಂದು ಗಿಡ

ನಗರದ ದಂಗೆ ಆದ ಮೇಲೆ 1831ರಲ್ಲಿ ಬ್ರಿಟಿಷರು ಮೈಸೂರು ಸಂಸ್ಥಾನದ ಆಡಳಿತವನ್ನು ತಮ್ಮ ಕೈಗೆ ತಗೊಂಡಿದ್ದರು. ಕಮಿಷನರ್ ಆಳ್ವಿಕೆ. ಸಂಸ್ಥಾನವನ್ನು ವಿಭಾಗಗಳಾಗಿ ಹಂಚಿದಾಗ ನಮ್ಮ ಭಾಗ ನಗರ ವಿಭಾಗಕ್ಕೆ ಸೇರಿತು. 1840ರ ದಶಕದ ಮಧ್ಯಭಾಗದಲ್ಲಿ 25ರ ಆಸುಪಾಸಿನ ಯುವಕ ಕ್ಲೆಗಾರ್ನ್ ಶಿವಮೊಗ್ಗಕ್ಕೆ ಬಂದ.

ಕೆಲಸ ರೋಗಿಗಳನ್ನು ನೋಡೋದು. ಆದರೆ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಮುಖ್ಯಸ್ಥ ವಿಲಿಯಂ ಹೂಕರ್ ಆತನಿಗೆ ಒಂದು ಸಲಹೆ ಕೊಟ್ಟಿದ್ದರು. ದಿನಕ್ಕೆ ಒಂದು ಗಿಡ ಹಿಡಿದು, ಕಾಲು ಗಂಟೆ ಅದನ್ನೇ ನೋಡಬೇಕು ಅಂತ. ಕ್ಲೆಗಾರ್ನ್ ಅದನ್ನು ವ್ರತದ ಹಾಗೆ ಪಾಲಿಸಿದ. ಒಬ್ಬ ಮರಾಠಿ ಚಿತ್ರಕಾರನನ್ನು ಇಟ್ಟುಕೊಂಡು, ಕಿತ್ತು ತಂದ ಗಿಡ ಬಾಡುವ ಮೊದಲೇ ಅದರ ಚಿತ್ರ ಬರೆಸುತ್ತಿದ್ದ. ಶಿವಮೊಗ್ಗದ ಸುತ್ತಲಿನ ಗಿಡಗಳ ಆ ಚಿತ್ರಗಳು, ಮುಂದೆ ಮದ್ರಾಸಿನಲ್ಲಿ ಬರೆಸಿದ ಇನ್ನೂ ಎಷ್ಟೋ ಚಿತ್ರಗಳ ಜೊತೆ ಇವತ್ತಿಗೂ ಎಡಿನ್‌ಬರೋದ ಸಸ್ಯೋದ್ಯಾನದಲ್ಲಿ ಜೋಪಾನವಾಗಿವೆ. ನಮ್ಮೂರ ಗಿಡ, ಅಲ್ಲಿಯ ಕಪಾಟು.

ಹೀಗೆ ಗಿಡ ಹುಡುಕಿಕೊಂಡು ಕಾಡು ತಿರುಗುವಾಗ ಕಣ್ಣಿಗೆ ಬಿದ್ದದ್ದು ಬರೀ ಹೂವು ಎಲೆ ಅಲ್ಲ. ಗುಡ್ಡದ ಇಳಿಜಾರಿನಲ್ಲಿ ಕಾಡು ಕಡಿದು, ಒಣಗಿಸಿ, ಬೆಂಕಿ ಹಾಕಿ, ಬೂದಿಯಲ್ಲಿ ರಾಗಿ ಚೆಲ್ಲುವ ಕುಮರಿ ಬೇಸಾಯ ಕಂಡಿತು. ಒಂದೆರಡು ಬೆಳೆ ತೆಗೆದು ಆ ಜಾಗ ಬಿಟ್ಟು ಇನ್ನೊಂದು ಗುಡ್ಡಕ್ಕೆ ಹೋಗುತ್ತಿದ್ದರು. ಬೆಲೆ ಬಾಳುವ ಸಾಗುವಾನಿ, ಬೀಟೆ ಕೂಡ ಸುಟ್ಟು ಬೂದಿಯಾಗುತ್ತಿತ್ತು. ಇನ್ನೊಂದು ಕಡೆ ನಾಟಾ ವ್ಯಾಪಾರ. ಮರ ಬೇಕಾದವರು ಕಾಡಿಗೆ ಆಳು ಬಿಟ್ಟು ಕಡಿಸುತ್ತಿದ್ದರು. ಎಷ್ಟು ಕಡಿದರು, ಎಲ್ಲಿಗೆ ಹೋಯಿತು, ಕಡಿದ ಜಾಗದಲ್ಲಿ ಮತ್ತೆ ಏನು ಹುಟ್ಟುತ್ತೆ ಅಂತ ಲೆಕ್ಕ ಇಡುವವರಿರಲಿಲ್ಲ.

ಗಂಧಕ್ಕೆ ಮಾತ್ರ ಆಗಲೇ ಬೇರೆ ನಿಯಮ ಇತ್ತು. ಟಿಪ್ಪು ಕಾಲದಿಂದಲೂ ಅದು ಸರ್ಕಾರದ ಮರ. ಉಳಿದ ಮರಗಳಿಗೆ ಹೇಳುವವರು ಕೇಳುವವರು ಇದ್ದದ್ದು ಅಷ್ಟಕ್ಕಷ್ಟೆ.

ಕಾಯಿಲೆ ರಜೆಯಲ್ಲಿ ಬರೆದ ವರದಿ

ಮಲೆನಾಡಿನ ಜ್ವರ ಯಾರನ್ನೂ ಬಿಡುತ್ತಿರಲಿಲ್ಲ. ಡಾಕ್ಟರೇ ಹಾಸಿಗೆ ಹಿಡಿದರು. 1848ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳೋಕೆ ಅಂತ ಬ್ರಿಟನ್ನಿಗೆ ಹೋಗಬೇಕಾಯಿತು.

ಈ ರಜೆಯೇ ಬದುಕಿನ ದಾರಿ ಬದಲಿಸಿತು. 1850ರಲ್ಲಿ ಎಡಿನ್‌ಬರೋದಲ್ಲಿ ಬ್ರಿಟಿಷ್ ಅಸೋಸಿಯೇಷನ್ ಅನ್ನುವ ವಿಜ್ಞಾನಿಗಳ ಸಂಸ್ಥೆಯ ಸಭೆ ನಡೆಯಿತು. ಉಷ್ಣ ದೇಶಗಳ ಕಾಡು ನಾಶವಾದರೆ ಹವಾಮಾನಕ್ಕೆ, ವ್ಯಾಪಾರಕ್ಕೆ ಏನಾಗುತ್ತೆ ಅಂತ ನೋಡಲು ಒಂದು ಸಮಿತಿ ಮಾಡಿದರು. ಅದರಲ್ಲಿ ಕ್ಲೆಗಾರ್ನ್ ಮುಂದಾಳು. ಮರುವರ್ಷ, 1851ರಲ್ಲಿ, ಇಪ್ಸ್‌ವಿಚ್ ಸಭೆಯಲ್ಲಿ ವರದಿ ಮಂಡಿಸಿದರು.

ಭಾರತದ ನಾನಾ ಭಾಗದ ಅಧಿಕಾರಿಗಳು ಬರೆದಿದ್ದನ್ನೆಲ್ಲ ಸೇರಿಸಿ ಮಾಡಿದ ವರದಿ ಅದು. ಅದರ ಸಾರ ಸರಳ. ಕಾಡು ಕಡಿಯೋದೇ ತಪ್ಪು ಅಂತ ಅಲ್ಲ. ಊರು ಬೆಳೆಯಬೇಕು, ಗದ್ದೆ ಆಗಬೇಕು, ಮನೆಗೆ ಮರ ಬೇಕು. ಆದರೆ ಹೇಳುವವರು ಕೇಳುವವರು ಇಲ್ಲದೆ ಕಡಿದರೆ ನೀರೂ ಹೋಗುತ್ತೆ, ಮಣ್ಣೂ ಹೋಗುತ್ತೆ, ಕೊನೆಗೆ ವ್ಯಾಪಾರಕ್ಕೂ ಮರ ಸಿಗಲ್ಲ. ಇವತ್ತು ಇದು ಹೈಸ್ಕೂಲ್ ಮಕ್ಕಳಿಗೂ ಗೊತ್ತಿರುವ ಮಾತು. 1851ರಲ್ಲಿ ಕಂಪನಿ ಸರ್ಕಾರದ ಮುಂದೆ ಇದನ್ನು ಇಡೋದು ಸಣ್ಣ ವಿಷಯ ಆಗಿರಲಿಲ್ಲ. ಯಾಕಂದ್ರೆ ಕಾಡು ಕಡಿದು ಉಳುಮೆ ಹೆಚ್ಚಾದಷ್ಟೂ ಕಂದಾಯ ಹೆಚ್ಚು ಅನ್ನೋದು ಆಗಿನ ಲೆಕ್ಕ.

ಹಿಂದೆ ಒಮ್ಮೆ ಮುಗ್ಗರಿಸಿದ ನಿಯಮ

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮರದ ವ್ಯಾಪಾರಕ್ಕೆ ಕಡಿವಾಣ ಹಾಕುವ ಪ್ರಯತ್ನ ಕ್ಲೆಗಾರ್ನ್‌ಗಿಂತ ಮೊದಲೇ ಒಮ್ಮೆ ಆಗಿ, ಮುಗ್ಗರಿಸಿತ್ತು.

ನೆಪೋಲಿಯನ್ ಜೊತೆ ಯುದ್ಧ ನಡೆಯುವಾಗ ಬ್ರಿಟಿಷರಿಗೆ ಹಡಗು ಕಟ್ಟಲು ತಮ್ಮ ದೇಶದ ಓಕ್ ಮರ ಸಾಲದಾಯಿತು. ಕಣ್ಣು ಬಿದ್ದದ್ದು ಮಲಬಾರಿನ ಸಾಗುವಾನಿ ಮೇಲೆ. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಅನ್ನುವವನನ್ನು ಅಲ್ಲಿ ಕಾಡಿನ ಮುಖ್ಯಸ್ಥನನ್ನಾಗಿ ಮಾಡಿದರು. ಸಾಗುವಾನಿ ಎಲ್ಲಾ ಕಂಪನಿಯದು, ಬೇರೆ ಯಾರೂ ಕಡಿಯಬಾರದು ಅಂತ ಘೋಷಣೆ ಆಯಿತು. ಜಮೀನಿನ ಒಡೆಯರು, ನಾಟಾ ವ್ಯಾಪಾರಿಗಳು, ಸೌದೆಗೆ ಹೋಗುವ ಬಡವರು, ಎಲ್ಲರಿಗೂ ಏಟು ಬಿತ್ತು. ದೂರಿನ ಮೇಲೆ ದೂರು. ಕೊನೆಗೆ ಗವರ್ನರ್ ಆಗಿದ್ದ ಥಾಮಸ್ ಮನ್ರೋ 1823ರ ಹೊತ್ತಿಗೆ ಆ ಹುದ್ದೆಯನ್ನೇ ತೆಗೆಸಿಹಾಕಿದ.

ಆಮೇಲೆ ಏನಾಯ್ತು? ನಿಯಮ ಹೋದ ಮೇಲೆ ಕೊಡಲಿಗೆ ಬಿಡುವೇ ಇಲ್ಲದಾಯಿತು. ಎಷ್ಟರ ಮಟ್ಟಿಗೆ ಅಂದ್ರೆ, 1840ರ ದಶಕದಲ್ಲಿ ಮಲಬಾರ್ ಕಲೆಕ್ಟರ್ ಕೊನೊಲಿ ನಿಲಂಬೂರಿನಲ್ಲಿ ಸಾಗುವಾನಿ ಬೀಜ ಹಾಕಿ ಹೊಸದಾಗಿ ತೋಪು ಬೆಳೆಸಬೇಕಾಯಿತು. ಆ ಕೆಲಸ ಕೈಗೂಡಿಸಿದವರು ಚಾತು ಮೆನನ್ ಅನ್ನುವ ಮಲಯಾಳಿ. ಇವತ್ತು ನಿಲಂಬೂರಿಗೆ ಟೂರ್ ಹೋದವರು ಆ ತೋಪಿನ ಉಳಿದ ಮರಗಳನ್ನೇ ನೋಡಿ ಬರೋದು.

ಈ ಕಥೆಯಲ್ಲಿ ಎರಡು ಪಾಠ ಇದೆ. ಜನರ ಕೈ ಕಟ್ಟಿ, ಲಾಭ ಮಾತ್ರ ಸರ್ಕಾರ ನುಂಗಿದರೆ ಯಾವ ನಿಯಮವೂ ನಿಲ್ಲಲ್ಲ. ಹಾಗಂತ ನಿಯಮವೇ ಬೇಡ ಅಂತ ಬಿಟ್ಟರೆ ಕಾಡೂ ನಿಲ್ಲಲ್ಲ. ಕ್ಲೆಗಾರ್ನ್ ಮುಂದೆ ನಡೆಯಬೇಕಿದ್ದದ್ದು ಈ ಎರಡರ ನಡುವಿನ ಇಕ್ಕಟ್ಟಿನ ದಾರಿಯಲ್ಲಿ.

ಒಂದು ಕೈಯಲ್ಲಿ ಕಾವಲು, ಇನ್ನೊಂದರಲ್ಲಿ ಸ್ಲೀಪರ್

1852ರಲ್ಲಿ ಮದ್ರಾಸಿಗೆ ಮರಳಿದ ಕ್ಲೆಗಾರ್ನ್ ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದ. 1856ರ ಡಿಸೆಂಬರಿನಲ್ಲಿ ಗವರ್ನರ್ ಲಾರ್ಡ್ ಹ್ಯಾರಿಸ್ ಆತನನ್ನು ಮದ್ರಾಸ್ ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿ ಮಾಡಿದ. ಆಗ ವಯಸ್ಸು 36. ಮೈಸೂರು ಸಂಸ್ಥಾನ ಈ ಹುದ್ದೆಯ ವ್ಯಾಪ್ತಿಗೆ ಬರುತ್ತಿರಲಿಲ್ಲ. ಆದರೆ ಉತ್ತರ ಕನ್ನಡ, ದಕ್ಷಿಣ ಕನ್ನಡ ಎರಡೂ ಆಗ ಮದ್ರಾಸಿಗೆ ಸೇರಿದ್ದವು. ಹಾಗಾಗಿ ದಾಂಡೇಲಿ ಕಾಡು, ಕಾಳಿ ನದಿಯಲ್ಲಿ ತೇಲಿಸಿಕೊಂಡು ಸದಾಶಿವಗಡದ ಕಡೆಗೆ ತರುತ್ತಿದ್ದ ನಾಟಾ, ಎಲ್ಲಾ ಆತನ ಲೆಕ್ಕಕ್ಕೆ ಬಂತು.

ಅದೇ 1856ರ ಜುಲೈನಲ್ಲಿ ಮದ್ರಾಸಿನ ರಾಯಪುರಂನಿಂದ ಆರ್ಕಾಟ್ ಕಡೆಗೆ ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು ಓಡಿತ್ತು. ರೈಲು ಬಂತು ಅಂದ್ರೆ ಕಾಡಿಗೆ ಹೊಸ ಗಿರಾಕಿ ಬಂದ ಹಾಗೆ. ಒಂದು ಮೈಲಿ ಹಳಿಗೆ 1,700ಕ್ಕೂ ಹೆಚ್ಚು ಮರದ ಸ್ಲೀಪರ್ ಬೇಕು. ಮಳೆ ಬಿಸಿಲಿಗೆ ಅವು ಕೆಲವೇ ವರ್ಷದಲ್ಲಿ ಕೊಳೆಯುತ್ತಿದ್ದವು, ಗೆದ್ದಲು ತಿನ್ನುತ್ತಿತ್ತು, ಮತ್ತೆ ಹೊಸದು. ಮದ್ರಾಸ್ ಪ್ರಾಂತ್ಯಕ್ಕೇ ವರ್ಷಕ್ಕೆ 2,50,000 ಸ್ಲೀಪರ್ ಬೇಕಾಗುತ್ತೆ, ಅಂದರೆ ಸುಮಾರು 35,000 ಮರ ಬೀಳಬೇಕು ಅನ್ನುವ ಅಂದಾಜು ಕ್ಲೆಗಾರ್ನ್ ಮುಂದಿತ್ತು. ಜೊತೆಗೆ ಎಂಜಿನ್ನಿನ ಒಲೆಗೆ ಸೌದೆ, ಸೇತುವೆಗೆ ತೊಲೆ, ಬಂದರಿಗೆ ಕಂಬ.

ಈ ಬೇಡಿಕೆ ಹಿಡಿದುಕೊಂಡು ಗುತ್ತಿಗೆದಾರರು ಕಾಡಿಗೆ ನುಗ್ಗಿದರು. ರಸ್ತೆ ಹತ್ತಿರ ಯಾವ ಮರ ಸಿಗುತ್ತೋ ಅದಕ್ಕೆ ಕೊಡಲಿ. ಎಳೆ ಮರ, ಬಲಿತ ಮರ ಅಂತ ಭೇದ ಇಲ್ಲ. ಕಡಿದ ಮೇಲೆ ಸಾಗಿಸೋಕೆ ಆಗದೆ ಅಲ್ಲೇ ಕೊಳೆಯಲು ಬಿಟ್ಟದ್ದೂ ಉಂಟು.

ಕ್ಲೆಗಾರ್ನ್ ಕೈಗೆ ಹೆಚ್ಚು ಜನ ಇರಲಿಲ್ಲ. ಮುಂದೆ ದೊಡ್ಡ ಹೆಸರು ಮಾಡಿದ ಬೆಡ್ಡೋಮ್ ಥರದ ಕೆಲವೇ ಸಹಾಯಕರು, ಒಂದಿಷ್ಟು ಕಾವಲುಗಾರರು. ಅಷ್ಟರಲ್ಲೇ ಆಣೆಮಲೆ, ನೀಲಗಿರಿ, ವಯನಾಡು, ಕನ್ನಡ ಕರಾವಳಿಯ ಘಟ್ಟ ಎಲ್ಲಾ ಸುತ್ತಿದ. ಕುದುರೆ ಮೇಲೆ, ಡೋಲಿಯಲ್ಲಿ, ನಡೆದುಕೊಂಡು.

ಆತ ತಂದ ವ್ಯವಸ್ಥೆ ಹೀಗಿತ್ತು. ಸಾಗುವಾನಿ, ಬೀಟೆ, ಗಂಧದಂಥ ಬೆಲೆಯ ಮರಗಳು ಸರ್ಕಾರದ ಹಿಡಿತದಲ್ಲಿ. ಉಳಿದ ಮರ ಕಡಿಯಲು ಲೈಸೆನ್ಸು, ಅದಕ್ಕೊಂದು ಶುಲ್ಕ. ಕಡಿಯೋದು ಬಲಿತ ಮರ ಮಾತ್ರ, ಎಳೆಯದನ್ನು ಮುಟ್ಟುವಂತಿಲ್ಲ. ಕಡಿದದ್ದು ಡಿಪೋಗೆ ಬರಬೇಕು, ಲೆಕ್ಕ ಆಗಬೇಕು, ಆಮೇಲೆ ಮಾರಾಟ. ಖಾಲಿಯಾದ ಕಡೆ ತೋಪು ಹಾಕಬೇಕು. ಊರವರ ಮನೆ ಬಳಕೆಯ ಸೌದೆ, ನೇಗಿಲಿನ ಮರಕ್ಕೆ ರಿಯಾಯಿತಿ.

ಗಮನಿಸಿ ನೋಡಿ, ಇದರಲ್ಲಿ ದೊಡ್ಡ ಬುದ್ಧಿವಂತಿಕೆ ಇರೋದು ಎಲ್ಲಿ ಅಂತ. ಸಾವಿರಾರು ಮೈಲಿ ಕಾಡಲ್ಲಿ ಒಂದೊಂದು ಮರದ ಬುಡದಲ್ಲೂ ಕಾವಲು ನಿಲ್ಲಿಸೋಕೆ ಯಾವ ಸರ್ಕಾರಕ್ಕೂ ಆಗಲ್ಲ. ಆದರೆ ದಿಮ್ಮಿ ಭಾರ. ಜೇಬಲ್ಲಿ ಇಟ್ಟುಕೊಂಡು ಹೋಗೋಕೆ ಆಗಲ್ಲ. ಅದು ನದಿಗೋ, ಗಾಡಿ ದಾರಿಗೋ, ಬಂದರಿಗೋ ಬರಲೇಬೇಕು. ಅಲ್ಲಿ ಹಿಡಿದರೆ ಸಾಕು. ಕಳ್ಳತನದ ಮರ ಕಡಿಯೋದು ಸುಲಭ, ಮಾರೋದು ಕಷ್ಟ ಅನ್ನುವ ಹಾಗೆ ಮಾಡಿದರೆ ಕೊಡಲಿ ತಾನಾಗೇ ನಿಧಾನ ಆಗುತ್ತೆ. ಇವತ್ತಿನ ಚೆಕ್‌ಪೋಸ್ಟ್, ಪಾಸು, ಸಾಮಿಲ್ ಲೈಸೆನ್ಸು ಎಲ್ಲದರ ಹಿಂದೆ ಇರೋದು ಇದೇ ಲೆಕ್ಕ.

ಆದರೆ ಒಂದು ಮುಳ್ಳು ಉಳಿದೇ ಇತ್ತು. ಕಾಡು ಕಾಯಬೇಕಾದ ಇಲಾಖೆಯೇ ರೈಲ್ವೆಗೆ ಮರ ಒದಗಿಸಬೇಕಿತ್ತು. ಮರದ ಅತಿ ದೊಡ್ಡ ಗಿರಾಕಿ ಸರ್ಕಾರ ಮತ್ತು ಅದರ ಬೆನ್ನಿಗಿದ್ದ ರೈಲು ಕಂಪನಿಗಳು. ಇಲಾಖೆ ಖರ್ಚು ಕಳೆದು ಲಾಭ ತೋರಿಸದಿದ್ದರೆ ಮೇಲಿನವರು ಇಲಾಖೆಯನ್ನೇ ಉಳಿಸುತ್ತಿರಲಿಲ್ಲ. ವಾಟ್ಸನ್ ಕಥೆ ಯಾರಿಗೂ ಮರೆತಿರಲಿಲ್ಲ. ಒಂದು ಕೈಯಲ್ಲಿ ಕಾವಲು, ಇನ್ನೊಂದು ಕೈಯಲ್ಲಿ ಮಾರಾಟ. ಈ ಇಕ್ಕಟ್ಟಿನಿಂದ ಕ್ಲೆಗಾರ್ನ್ ಕೊನೆವರೆಗೂ ಹೊರಗೆ ಬರಲಿಲ್ಲ.

ಕುಮರಿ ನಿಷೇಧ: ಯಾರಿಗೆ ಬಿತ್ತು ಏಟು?

1860ರಲ್ಲಿ ಮದ್ರಾಸ್ ಸರ್ಕಾರ ತನ್ನ ಕಾಡುಗಳಲ್ಲಿ ಅಪ್ಪಣೆ ಇಲ್ಲದೆ ಕುಮರಿ ಮಾಡುವಂತಿಲ್ಲ ಅಂತ ಆದೇಶ ಹೊರಡಿಸಿತು. ಇದಕ್ಕೆ ಪಟ್ಟು ಹಿಡಿದವರಲ್ಲಿ ಕ್ಲೆಗಾರ್ನ್ ಮೊದಲಿಗ. ಶಿವಮೊಗ್ಗದ ದಿನಗಳಲ್ಲಿ ಕಂಡ ಸುಟ್ಟ ಗುಡ್ಡಗಳು ಆತನ ಮನಸ್ಸಿನಿಂದ ಹೋಗಿರಲಿಲ್ಲ.

ಬೆಲೆ ಬಾಳುವ ಮರ ಬೂದಿಯಾಗೋದು ನಿಂತಿತು, ನಿಜ. ಆದರೆ ಕುಮರಿ ಮಾಡುತ್ತಿದ್ದವರು ಯಾರು? ಘಟ್ಟದ ಕುಣಬಿಗಳು, ಮರಾಠಿಗಳು, ಮಲೆಕುಡಿಯರು, ಸ್ವಂತ ಗದ್ದೆ ಇಲ್ಲದ ಇತರ ಬಡವರು. ಅವರಿಗೆ ಅದು ವ್ಯಾಪಾರ ಅಲ್ಲ, ಹೊಟ್ಟೆಪಾಡು. ತಲೆಮಾರಿನಿಂದ ಮಾಡುತ್ತಿದ್ದ ಬೇಸಾಯ ಒಂದು ಕಾಗದದಿಂದ ಅಪರಾಧ ಆಯಿತು. ಎಷ್ಟೋ ಜನ ಬೇರೆಯವರ ತೋಟಕ್ಕೆ, ಕಾಡು ಕಡಿಯುವ ಗುತ್ತಿಗೆದಾರನ ಕೈಕೆಳಗೆ ಕೂಲಿಗೆ ಸೇರಬೇಕಾಯಿತು. ಇದರ ವ್ಯಂಗ್ಯ ನೋಡಿ. ಹೊಟ್ಟೆಗೆ ಕಾಡು ಕಡಿದರೆ ತಪ್ಪು, ದಿನಗೂಲಿಗೆ ಕಡಿದರೆ ಸರಿ.

ಇನ್ನೊಂದು ಮಾತು. ಅದೇ ವರ್ಷಗಳಲ್ಲಿ ಕೊಡಗು, ವಯನಾಡು, ನೀಲಗಿರಿಯಲ್ಲಿ ಬಿಳಿಯರ ಕಾಫಿ ತೋಟಕ್ಕೆ ಅಂತ ಗುಡ್ಡಗುಡ್ಡವೇ ಬೋಳಾಗುತ್ತಿತ್ತು. ಅದಕ್ಕೆ ಕಾಗದಪತ್ರ ಸರಿ ಇತ್ತು, ಸರ್ಕಾರದ ಪ್ರೋತ್ಸಾಹ ಇತ್ತು. ಕುಮರಿಯವನ ಕಾಡು ಕೆಲವು ವರ್ಷ ಬಿಟ್ಟರೆ ಮತ್ತೆ ಚಿಗುರುತ್ತಿತ್ತು. ತೋಟ ಆದ ಕಾಡು ತಿರುಗಿ ಕಾಡಾಗಲಿಲ್ಲ.

ಹಾಗಂತ ಕ್ಲೆಗಾರ್ನ್ ಕೆಟ್ಟವನು ಅಂತ ಹೇಳೋಕೆ ಆಗಲ್ಲ. ನೀಲಗಿರಿಯ ಶೋಲಾ ಕಾಡುಗಳು ಬೋಳಾಗುವ ಬಗ್ಗೆ, ಊರಿನ ಹತ್ತಿರ ಸೌದೆ ತೋಪು ಬೆಳೆಸುವ ಬಗ್ಗೆ ಆತ ಕಾಳಜಿಯಿಂದ ಕೆಲಸ ಮಾಡಿದ. 1861ರಲ್ಲಿ ತನ್ನ ವರದಿಗಳನ್ನೆಲ್ಲ ಸೇರಿಸಿ ದಕ್ಷಿಣ ಭಾರತದ ಕಾಡು ಮತ್ತು ತೋಟಗಳ ಬಗ್ಗೆ ಒಂದು ಪುಸ್ತಕ ತಂದ. ಆ ಕಾಲದ ನಮ್ಮ ಘಟ್ಟದ ಕಾಡು ಹೇಗಿತ್ತು ಅಂತ ತಿಳಿಯೋಕೆ ಸಂಶೋಧಕರು ಇವತ್ತಿಗೂ ಅದನ್ನು ನೋಡ್ತಾರೆ. ಆದರೆ ನಿಯಮ ಬರೆಯುವವನು ಎಷ್ಟೇ ಒಳ್ಳೆಯವನಾದರೂ, ಆ ನಿಯಮ ಬಡವನ ಮೇಲೆ ಬೀಳುವಷ್ಟು ಸಲೀಸಾಗಿ ದೊಡ್ಡವರ ಮೇಲೆ ಬೀಳಲ್ಲ. ಆಗಲೂ ಬೀಳಲಿಲ್ಲ.

ಹಿಮಾಲಯದ ದೇವದಾರು, ದೇಶಕ್ಕೊಂದು ಕಾನೂನು

1861ರಲ್ಲಿ ಮದುವೆ ಆಯಿತು. ಹೆಂಡತಿ ಮೇಬಲ್, ಸ್ಕಾಟ್ಲೆಂಡಿನ ದೊಡ್ಡ ಕಾಗದದ ಕಾರ್ಖಾನೆಯವರ ಮಗಳು. ಅದೇ ವರ್ಷ ಸರ್ಕಾರ ಆತನನ್ನು ಪಂಜಾಬಿಗೆ ಕರೆಸಿಕೊಂಡಿತು. ಅಲ್ಲಿಯೂ ರೈಲು ಬರುತ್ತಿತ್ತು, ಸ್ಲೀಪರಿಗೆ ಹಿಮಾಲಯದ ದೇವದಾರು ಬೇಕಿತ್ತು. ಚೀನಾಬ್, ರಾವಿ, ಝೀಲಂ ನದಿಗಳ ಉದ್ದಕ್ಕೂ ತಿರುಗಿ, ಎಲ್ಲಿ ಎಷ್ಟು ಮರ ಉಳಿದಿದೆ ಅಂತ ಲೆಕ್ಕ ಹಾಕಿ 1864ರಲ್ಲಿ ವರದಿ ಕೊಟ್ಟ. ಬೆಟ್ಟದ ಅರಸರಿಂದ ಕಾಡು ಗುತ್ತಿಗೆ ಪಡೆದು ಸರ್ಕಾರವೇ ನೋಡಿಕೊಳ್ಳೋದು ಮೇಲು ಅನ್ನೋದು ಆತನ ಸಲಹೆ. ಅದೇ ವರ್ಷ ಚಂಬಾದ ಅರಸನ ಕಾಡುಗಳನ್ನು ಬ್ರಿಟಿಷರು 99 ವರ್ಷದ ಗುತ್ತಿಗೆಗೆ ತಗೊಂಡರು.

1864ರಲ್ಲೇ ಇಡೀ ಭಾರತಕ್ಕೆ ಅರಣ್ಯ ಇಲಾಖೆ ಶುರುವಾಯಿತು. ಮುಖ್ಯಸ್ಥರಾದದ್ದು ಬರ್ಮಾದಲ್ಲಿ ಸಾಗುವಾನಿ ಕಾಡು ನೋಡಿಕೊಂಡಿದ್ದ ಜರ್ಮನ್ ಡೀಟ್ರಿಚ್ ಬ್ರಾಂಡಿಸ್. ಕ್ಲೆಗಾರ್ನ್ ಅವರ ಜೊತೆ ಕೆಲಸ ಮಾಡಿದ, ಬ್ರಾಂಡಿಸ್ ರಜೆಯಲ್ಲಿದ್ದಾಗ ಅವರ ಜಾಗದಲ್ಲಿ ಕೂತ. ನಮ್ಮ ಮೈಸೂರು ಸಂಸ್ಥಾನದಲ್ಲೂ ಅರಣ್ಯ ಇಲಾಖೆ ಹುಟ್ಟಿದ್ದು ಇದೇ 1864ರಲ್ಲಿ. 1865ರಲ್ಲಿ ದೇಶದ ಮೊದಲ ಅರಣ್ಯ ಕಾಯ್ದೆ, 1878ರಲ್ಲಿ ಇನ್ನೂ ಬಿಗಿಯಾದ ಎರಡನೆಯದು. ಮದ್ರಾಸ್ ಸರ್ಕಾರ ಮಾತ್ರ ಹಳ್ಳಿಯವರ ಹಕ್ಕಿನ ಪ್ರಶ್ನೆ ಎತ್ತಿ ತಡ ಮಾಡಿ, 1882ರಲ್ಲಿ ತನ್ನದೇ ಬೇರೆ ಕಾಯ್ದೆ ತಂದಿತು. ನಮ್ಮ ರಾಜ್ಯದಲ್ಲಿ ಈಗ ನಡೆಯುತ್ತಿರೋದು 1963ರ ಕರ್ನಾಟಕ ಅರಣ್ಯ ಕಾಯ್ದೆ. ಅದರ ಬೇರು ಹುಡುಕುತ್ತಾ ಹೋದರೆ ಈ ಹಳೆಯ ಕಾನೂನುಗಳೇ ಸಿಗೋದು.

ಕೊನೆಯ ದಿನಗಳು

1860ರ ದಶಕದ ಕೊನೆಗೆ ಕ್ಲೆಗಾರ್ನ್ ಭಾರತ ಬಿಟ್ಟು ಅಜ್ಜನ ಊರು ಸ್ಟ್ರಾವಿಥಿಗೆ ಹೋಗಿ ನೆಲೆಸಿದ. ಸುಮ್ಮನೆ ಕೂರಲಿಲ್ಲ. ಭಾರತದ ಅರಣ್ಯ ಇಲಾಖೆಗೆ ಹುಡುಗರನ್ನು ಆರಿಸುವ ಕೆಲಸದಲ್ಲಿ ನೆರವಾದ. ಸ್ಕಾಟ್ಲೆಂಡಿನ ಮರ ಬೆಳೆಗಾರರ ಸಂಘಕ್ಕೆ ಅಧ್ಯಕ್ಷನಾದ. 1884ರಲ್ಲಿ ಎಡಿನ್‌ಬರೋದಲ್ಲಿ ನಡೆದ ಅಂತಾರಾಷ್ಟ್ರೀಯ ಅರಣ್ಯ ಪ್ರದರ್ಶನಕ್ಕೆ, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅರಣ್ಯಶಾಸ್ತ್ರ ಪಾಠ ಶುರುವಾಗೋಕೆ ಓಡಾಡಿದ. 1887ರಲ್ಲಿ ಹೆಂಡತಿ ತೀರಿಕೊಂಡಳು. 1895ರ ಮೇ 16ರಂದು, 74ನೇ ವಯಸ್ಸಿನಲ್ಲಿ, ಅದೇ ಸ್ಟ್ರಾವಿಥಿಯಲ್ಲಿ ಆತನೂ ಹೋದ. ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್ ಒಂದು ಗಿಡದ ಕುಲಕ್ಕೆ ಕ್ಲೆಗಾರ್ನಿಯಾ ಅಂತ ಹೆಸರಿಟ್ಟಿದ್ದರು. ಆ ಹೆಸರು ಉಳಿದಿದೆ.

ಈಗಿನ ಕಾಲಕ್ಕೆ ಬಂದರೆ

ಮರದ ವ್ಯಾಪಾರವನ್ನು ಹಿಡಿದರೆ ಕಾಡು ಉಳಿಯುತ್ತೆ ಅನ್ನುವ ಆ ಲೆಕ್ಕ ಈಗ ದೇಶ ದಾಟಿದೆ. 1996ರ ಡಿಸೆಂಬರ್ 12ರಂದು ನಮ್ಮ ಸುಪ್ರೀಂ ಕೋರ್ಟ್ ಗೋದಾವರ್ಮನ್ ಕೇಸಿನಲ್ಲಿ ಕೊಟ್ಟ ಆದೇಶದಿಂದ ಲೈಸೆನ್ಸ್ ಇಲ್ಲದ ಸಾಮಿಲ್‌ಗಳಿಗೆ ಬೀಗ ಬಿದ್ದದ್ದು ಹಳೇ ನಾಟಾ ವ್ಯಾಪಾರಿಗಳಿಗೆ ನೆನಪಿರುತ್ತೆ. 2008ರಲ್ಲಿ ಅಮೆರಿಕ, 2013ರಲ್ಲಿ ಯುರೋಪ್ ಕಳ್ಳ ನಾಟಾ ತರಿಸಿಕೊಳ್ಳೋದಕ್ಕೆ ಕಾನೂನಿನಿಂದ ತಡೆ ಹಾಕಿದವು. ಅಂದರೆ ಕಡಿದವನ ಜೊತೆಗೆ ಕೊಂಡವನೂ ಉತ್ತರ ಕೊಡಬೇಕು.

2023ರಲ್ಲಿ ಯುರೋಪಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ಜಾಗದಲ್ಲಿ ಬೆಳೆದ ಕಾಫಿ, ರಬ್ಬರ್, ಕೋಕೋ, ಸೋಯಾ, ತಾಳೆ ಎಣ್ಣೆ, ದನದ ಮಾಂಸ, ಮರ ಯಾವುದೂ ತಮ್ಮ ಮಾರುಕಟ್ಟೆಗೆ ಬರಬಾರದು ಅಂತ ಹೊಸ ನಿಯಮ ಮಾಡಿದರು. ಕಾಫಿ ಬೆಳೆದ ತೋಟ ಭೂಪಟದಲ್ಲಿ ಎಲ್ಲಿದೆ ಅಂತ ತೋರಿಸಬೇಕು. ಜಾರಿಯ ದಿನ ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹೋಯಿತು. ಆದರೂ ಚಿಕ್ಕಮಗಳೂರು, ಕೊಡಗು, ಹಾಸನದ ಕಾಫಿಗೆ ಇಟಲಿ, ಜರ್ಮನಿ ದೊಡ್ಡ ಗಿರಾಕಿಗಳು. ಹಾಗಾಗಿ ಪಕ್ಕದ ಜಿಲ್ಲೆಯ ಬೆಳೆಗಾರರಿಗೆ ಈ ಚಿಂತೆ ತಪ್ಪಿದ್ದಲ್ಲ. 1860ರಲ್ಲಿ ಕುಮರಿಯವನಿಗೆ ಬೇಡ ಅಂದು ಕಾಫಿ ತೋಟಕ್ಕೆ ಹೂಂ ಅಂದವರ ಕಡೆಯವರೇ ಈಗ ಕಾಫಿಯ ಮೂಟೆಗೂ ಪಾಸು ಕೇಳುತ್ತಿದ್ದಾರೆ.

ಇಲ್ಲಿಯೂ ಹಳೇ ಪ್ರಶ್ನೆಯೇ. ನೂರಾರು ಎಕರೆ ಇದ್ದವರು ಕಂಪ್ಯೂಟರ್ ಗೊತ್ತಿರುವವರನ್ನು ಇಟ್ಟುಕೊಂಡು ಕಾಗದ ಮಾಡಿಸುತ್ತಾರೆ. ಎರಡು ಎಕರೆಯವನು ಏನು ಮಾಡಬೇಕು? ಬರೀ ಕಾಗದ ಇಲ್ಲ ಅನ್ನೋ ಕಾರಣಕ್ಕೆ, ಒಂದೂ ಮರ ಕಡಿಯದ ಅವನ ಬೆಳೆ ಕಡಿಮೆ ರೇಟಿಗೆ ಹೋಗಬಾರದಲ್ಲ.

ನಿಯಮ ಬೇಡ ಅಂತ ಹೇಳೋ ಹಾಗಿಲ್ಲ. ಮನ್ರೋ ನಿಯಮ ತೆಗೆಸಿದ ಮೇಲೆ ಮಲಬಾರಿನ ಸಾಗುವಾನಿಗೆ ಏನಾಯಿತು ಅಂತ ನೋಡಿದ್ದೇವೆ. ಆದರೆ ನಿಯಮ ತೂಗುವ ತಕ್ಕಡಿ ಎಲ್ಲರಿಗೂ ಒಂದೇ ಇರಬೇಕು. ಸೌದೆ ಹೊರೆ ಹೊತ್ತ ಹೆಂಗಸನ್ನು ನಿಲ್ಲಿಸುವಷ್ಟೇ ಧೈರ್ಯ ದೊಡ್ಡ ಲಾರಿ ನಿಲ್ಲಿಸುವಾಗಲೂ ಬೇಕು. ಬಾಗಿಲು ಕೊಳ್ಳುವ ನಾವೂ ಅಂಗಡಿಯವರ ಹತ್ತಿರ ರೇಟಿನ ಜೊತೆಗೆ ಮರ ಎಲ್ಲಿಂದ ಬಂತು, ಬಿಲ್ ಇದೆಯಾ ಅಂತ ಒಂದು ಮಾತು ಕೇಳಬೇಕು. ಬಿಲ್ ಇಲ್ಲದ ನಾಟಾ ಯಾರೂ ಕೊಳ್ಳದಿದ್ದರೆ ಅದನ್ನು ಕಡಿದು ಪ್ರಯೋಜನ ಇಲ್ಲ. ಸರಿಯಾಗಿ ದುಡ್ಡು ಕಟ್ಟಿ ವ್ಯಾಪಾರ ಮಾಡುವ ಅಂಗಡಿಯವರಿಗೂ ಅದರಿಂದ ಒಳ್ಳೆಯದೇ.

ಮುಂದಿನ ಸಲ ಚೆಕ್‌ಪೋಸ್ಟ್‌ನಲ್ಲಿ ನಿಮ್ಮ ಬಸ್ಸು ನಾಟಾ ಲಾರಿಯ ಹಿಂದೆ ನಿಂತು ತಡ ಆದರೆ, ಶಿವಮೊಗ್ಗದ ಸುತ್ತ ದಿನಕ್ಕೊಂದು ಗಿಡ ಹುಡುಕಿಕೊಂಡು ಓಡಾಡಿದ ಆ ಡಾಕ್ಟರನ್ನು ಒಮ್ಮೆ ನೆನೆಸಿಕೊಳ್ಳಿ. ಆತ ಸರಿ ಮಾಡಿದ್ದೂ ಆ ಪಾಸಿನಲ್ಲಿದೆ, ಆತನಿಂದ ಸರಿ ಮಾಡೋಕೆ ಆಗದೆ ಉಳಿದದ್ದೂ ಅದರಲ್ಲೇ ಇದೆ.